ಹಳೆಯ ಆಟದ ಯಂತ್ರವನ್ನು ಕೊಯ್ಯುವ ಮುನ್ನ

ದೂರದರ್ಶನಕ್ಕೆ ಜೋಡಿಸುವ ಹಳೆಯ ವಿಡಿಯೋ ಗೇಮ್ ಯಂತ್ರವನ್ನು ಬಿಚ್ಚಿ, ಅಂಗೈಯಲ್ಲಿ ಹಿಡಿದಾಡುವ ಪೆಟ್ಟಿಗೆಯಾಗಿ ಮಾರ್ಪಡಿಸುವ ಹವ್ಯಾಸಿಗಳು ಹಲವರಿದ್ದಾರೆ. ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ 1977ರ ಅಟಾರಿ ಯಂತ್ರವನ್ನು 2000ದಲ್ಲಿ ಹೀಗೆ ಕಿರಿದುಗೊಳಿಸಿದನು. ಇದು ಬರಿಯ ಹುಡುಗಾಟವೆಂದು ಹಿರಿಯರು ಮೂಗು ಮುರಿಯಬಹುದು, ನಾನು ಒಪ್ಪಲಾರೆ.

ಒಂದು ಲೆಕ್ಕವನ್ನು ನೋಡೋಣ. ಅಟಾರಿಯೊಳಗಿನ 7805 ಎಂಬ ನಿಯಂತ್ರಕವು 9 ವೋಲ್ಟನ್ನು 5ಕ್ಕೆ ಇಳಿಸುತ್ತದೆ. ಉಳಿದ 4 ವೋಲ್ಟಿನ ಪಾಲು, ಎಂದರೆ ಶೇಕಡಾ 44ರಷ್ಟು ಶಕ್ತಿ, ಶಾಖವಾಗಿ ಹೋಗುತ್ತದೆ. ಗೋಡೆಯ ವಿದ್ಯುತ್ತಿನಲ್ಲಿ ನಡೆಯುವಾಗ ಇದನ್ನು ಯಾರೂ ಎಣಿಸುವುದಿಲ್ಲ. ಬ್ಯಾಟರಿಗಾದರೋ ದೊಡ್ಡ ದುಂದು. ಆದುದರಿಂದ ಅದನ್ನು ಕಿತ್ತು ಸ್ವಿಚಿಂಗ್ ನಿಯಂತ್ರಕವನ್ನು ಕೂಡಿಸಬೇಕು. ಪಠ್ಯದ ಶಕ್ತಿಸಂರಕ್ಷಣೆಯ ನಿಯಮವು ಇಲ್ಲಿ ಬೆರಳಿಗೆ ಬಿಸಿಯಾಗಿಯೇ ತಾಗುತ್ತದೆ!

ಆದರೆ ಸರಿಯಾಗಿ ನಡೆಯುತ್ತಿರುವ ಹಳೆಯ ಯಂತ್ರವನ್ನು ಕೊಯ್ಯುವುದು ಅನ್ಯಾಯ. ಅಂತಹುದು ಮತ್ತೆ ತಯಾರಾಗದು. ಕೆಟ್ಟುದನ್ನೇ ಆರಿಸಿಕೊಳ್ಳಬೇಕು. ಲಿಥಿಯಂ ಕೋಶವನ್ನು ರಕ್ಷಣಾ ಫಲಕವಿಲ್ಲದೆ ಜೋಡಿಸಕೂಡದು. ಅದರ ಎರಡು ತುದಿಗಳು ಕೂಡಿದರೆ ಬೆಂಕಿ ಹೊತ್ತೀತು.

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಂತಹ ಊರಿನ ವಿದ್ಯಾರ್ಥಿಯು ಬಿಡಿಭಾಗಗಳಿಗಾಗಿ ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಬೇಕಾದೀತು. ಮೊದಲು ಮನೆಯ ಅಟ್ಟವನ್ನು ಹುಡುಕಲಿ. ಬೆಸುಗೆ ಹಾಕುವ ಸಲಕರಣೆಯೊಂದನ್ನು ಮಾತ್ರ ಶಾಲೆಯ ಪ್ರಯೋಗಶಾಲೆಯೇ ಒದಗಿಸಬೇಕು. ಬೀರುವಿನಲ್ಲಿ ಬೀಗ ಹಾಕಿಡುವುದಕ್ಕಲ್ಲ, ಉಪಾಧ್ಯಾಯರ ಎದುರಿನಲ್ಲಿ ವಿದ್ಯಾರ್ಥಿಯ ಕೈಗೆ ಕೊಡುವುದಕ್ಕೆ.