ಸಮನ್ವಯವೇ ಸಂಶೋಧನೆಯ ಬೆನ್ನೆಲುಬು

ವಿಶಾಖಪಟ್ಟಣ ಬಂದರಿನಿಂದ ಶ್ರೀಕಾಕುಳದವರೆಗಿನ ಕರಾವಳಿಯಲ್ಲಿ ಚುಟ್ಟದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ರೂಢಿ ಬಹುಕಾಲದ್ದು. ಹೀಗೆ ಸೇದುವವರಲ್ಲಿ ಹೆಂಗಸರೇ ಹೆಚ್ಚು. ಈ ರೂಢಿಗೂ ಅಂಗುಳಿನ ಕ್ಯಾನ್ಸರಿಗೂ ಇರುವ ನಂಟು ಬೆಳಕಿಗೆ ಬಂದದ್ದು ಒಂದೇ ಸಂಸ್ಥೆಯ ದುಡಿಮೆಯಿಂದಲ್ಲ. ವಿಶಾಖಪಟ್ಟಣದ ಆಂಧ್ರ ವೈದ್ಯಕೀಯ ಕಾಲೇಜಿನ ವೈದ್ಯರು ರೋಗಿಗಳನ್ನು ಕಂಡು ವರದಿ ಬರೆದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡವು 1960ರ ದಶಕದಲ್ಲಿ, ಶ್ರೀಕಾಕುಳವೂ ಸೇರಿದಂತೆ ಐದು ಜಿಲ್ಲೆಗಳಲ್ಲಿ 50,000ಕ್ಕೂ ಮಿಕ್ಕ ಗ್ರಾಮಸ್ಥರ ಬಾಯಿ ಪರೀಕ್ಷಿಸಿತು.

ಭಾಷೆ ಹಲವು, ವೈದ್ಯರು ಹಲವರು. ಎರ್ನಾಕುಳಂನಲ್ಲಿ ಬಿಳಿಮಚ್ಚೆಯೆಂದು ಬರೆದದ್ದು ಶ್ರೀಕಾಕುಳದಲ್ಲಿಯೂ ಅದೇ ಆಗಿರಬೇಕು. ಇಲ್ಲವಾದರೆ ಲೆಕ್ಕವೆಲ್ಲ ನಿರರ್ಥಕ. ಒಂದೇ ನಮೂನೆ, ಒಂದೇ ವ್ಯಾಖ್ಯೆ, ಸಕಾಲಕ್ಕೆ ಹಣ, ತಪ್ಪದ ಪತ್ರವ್ಯವಹಾರ ಇವುಗಳನ್ನು ಗುಮಾಸ್ತಗಿರಿಯೆಂದು ಹಗುರವಾಗಿ ಕಾಣುವುದು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವೂ ಇದಕ್ಕೆ ಸಾಕ್ಷಿ. 1980ರ ದಶಕದ ಆದಿಯಲ್ಲಿ ಬೆಂಗಳೂರು, ಮುಂಬಯಿ, ಮದರಾಸುಗಳಲ್ಲಿ ಮೊದಲಾದ ಈ ಕಾರ್ಯದ ಸಮನ್ವಯ ಕೇಂದ್ರ ಬೆಂಗಳೂರಿನಲ್ಲಿದೆ. ಮೂರು ಆಸ್ಪತ್ರೆಗಳ ಮೆಟ್ಟಿಲು ಹತ್ತಿದ ರೋಗಿಯನ್ನು ಒಮ್ಮೆಯೇ ಎಣಿಸುವುದು ಅಲ್ಲಿನ ಪ್ರಾಥಮಿಕ ಶಿಸ್ತು.

ಕಾಗದ ಹೆಚ್ಚಿದಂತೆ ಚಿಕಿತ್ಸೆಯ ವೇಳೆ ಕುಗ್ಗುವುದೆಂಬ ವೈದ್ಯರ ದೂರು ಸುಳ್ಳಲ್ಲ. ಆದುದರಿಂದಲೇ ನಮೂನೆ ಚಿಕ್ಕದಾಗಿರಲಿ. ಅದನ್ನು ತುಂಬುವ ನೌಕರರಿಗೆ ಭದ್ರವಾದ ವೇತನವಿರಲಿ. ಶ್ರೀಕಾಕುಳವೂ ಸೇರಿ ಮೂರು ಜಿಲ್ಲೆಗಳ ಸುಮಾರು 36,000 ತಂಬಾಕು ಬಳಕೆದಾರರಿಗೆ ಅದೇ ಟಾಟಾ ಸಂಸ್ಥೆಯ ತಂಡವು ಮುಂದೆ ತಿಳಿವಳಿಕೆ ನೀಡಿದಾಗ, ಚಟ ಬಿಟ್ಟವರಲ್ಲಿ ಕ್ಯಾನ್ಸರಿನ ಪೂರ್ವಲಕ್ಷಣಗಳು ತಗ್ಗಿದುವು. ಅಂಕಿ ಅಂಶವು ಹೀಗೆ ಹಳ್ಳಿಗೆ ಮರಳಿದಾಗಲೇ ಸಂಶೋಧನೆ ಸಾರ್ಥಕ.