ತಲಪಾಡಿ ದಾಟುವ ಅಂಕ, ದಾಟದ ವಿದ್ಯಾರ್ಥಿವೇತನ

ಪ್ಲಸ್ ಟು ಫಲಿತಾಂಶ ಪ್ರಕಟವಾಗುವುದು ಮೇ ತಿಂಗಳಲ್ಲಿ. ಆ ವಾರ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಹಳೆವಿದ್ಯಾರ್ಥಿಗಳೂ ಅವರ ಹೆತ್ತವರೂ ಅಧ್ಯಾಪಕರಾದ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಕೈಯಲ್ಲಿ ಅಂಕಪಟ್ಟಿ ಇರುತ್ತದೆ. ಅಂಕಗಳೂ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ. ಅವರು ಕೇಳುವುದು ಎರಡೇ ಪ್ರಶ್ನೆ: ಯಾವ ಕಾಲೇಜಿಗೆ ಸೇರಿಸಬಹುದು? ಅದಕ್ಕೆ ಹಣದ ನೆರವು ಎಲ್ಲಿಂದ ದೊರೆಯಬಹುದು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅವನ್ನು ಮೇ ತಿಂಗಳಲ್ಲಿ ಕೇಳುವಷ್ಟರಲ್ಲಿ ಹಲವು ಅರ್ಜಿಗಳ ಅವಧಿ ಮುಗಿದುಹೋಗಿರುತ್ತದೆ. ನಮ್ಮ ಮಕ್ಕಳು ಹಿಂದುಳಿಯುವುದು ಅಂಕಗಳ ಕೊರತೆಯಿಂದ ಎನ್ನುವುದಕ್ಕಿಂತ ದಿನಾಂಕ ಮತ್ತು ದಾಖಲೆಗಳ ಕೊರತೆಯಿಂದ ಎಂಬುದು ಹಲವು ವರ್ಷಗಳ ಅನುಭವದಿಂದ ನಮಗೆ ಮನವರಿಕೆಯಾಗಿದೆ.

ಗಡಿನಾಡಿನ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿವೆ. ಒಂದು, ಕೇರಳದೊಳಗಿನದು: ಕಣ್ಣೂರು ವಿಶ್ವವಿದ್ಯಾನಿಲಯದ ಅಧೀನದ ಕಾಲೇಜುಗಳು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯ, ರಾಜ್ಯದ ವೃತ್ತಿಶಿಕ್ಷಣ ಕಾಲೇಜುಗಳು. ಇನ್ನೊಂದು, ತಲಪಾಡಿ ದಾಟಿ ಮಂಗಳೂರಿನ ಕಡೆಗೆ ಹೋಗುವಂಥದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ನಿತ್ಯ ರೈಲಿನಲ್ಲಿ ಹೋಗಿ ಬರುವ ಮಕ್ಕಳು ಸಾವಿರಾರು. ದೂರ ಅಷ್ಟೇ ಆದರೂ ಎರಡು ರಾಜ್ಯಗಳ ನಿಯಮಗಳು ಬೇರೆ, ಕಾಲಪಟ್ಟಿ ಬೇರೆ, ನೆರವಿನ ಯೋಜನೆಗಳು ಬೇರೆ. ಈ ವ್ಯತ್ಯಾಸಗಳನ್ನು ಮೊದಲೇ ತಿಳಿದವರಿಗೆ ಎರಡು ದಾರಿಗಳು ಎರಡು ಅವಕಾಶಗಳಾಗುತ್ತವೆ. ತಿಳಿಯದವರು ಎರಡನ್ನೂ ಕಳೆದುಕೊಳ್ಳುವ ಸಾಧ್ಯತೆಯಿದೆ.

ಮೊದಲು ಕಾಲಪಟ್ಟಿಯನ್ನು ನೋಡೋಣ. ಕೇರಳದ ಪ್ಲಸ್ ಟು ಸಾರ್ವಜನಿಕ ಪರೀಕ್ಷೆ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಮೊದಲಾದ ಕೋರ್ಸುಗಳಿಗಾಗಿ ನಡೆಸುವ ಸಿಇಟಿಗೆ ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಕರೆಯುತ್ತಿರುವುದು ಜನವರಿ–ಫೆಬ್ರವರಿಯಲ್ಲಿ, ಪರೀಕ್ಷೆ ಏಪ್ರಿಲಿನಲ್ಲಿ. ವೈದ್ಯಕೀಯಕ್ಕೆ ಬೇಕಾದ ನೀಟ್, ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಬೇಕಾದ ಸಿಯುಇಟಿ ಪರೀಕ್ಷೆಗಳ ಅರ್ಜಿಗಳೂ ಫಲಿತಾಂಶಕ್ಕೆ ಬಹು ಮೊದಲೇ ಮುಗಿಯುತ್ತವೆ. ಈ ಎರಡು ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದು ಎಂಬುದು ನಮ್ಮ ಎಷ್ಟೋ ಮನೆಗಳಿಗೆ ಇಂದಿಗೂ ತಲಪದ ಸುದ್ದಿ. ಪ್ರಶ್ನೆಪತ್ರಿಕೆಯ ಭಾಷೆಯನ್ನು ಅರ್ಜಿ ತುಂಬುವಾಗಲೇ ಆಯ್ಕೆ ಮಾಡಬೇಕು. ಆ ಅವಧಿ ಮುಗಿದ ಮೇಲೆ ಬದಲಿಸಲಾಗದು.

ಇನ್ನು ಗಡಿನಾಡು ಷರತ್ತು. ಕರ್ನಾಟಕದ ವೃತ್ತಿಶಿಕ್ಷಣ ಕೋರ್ಸುಗಳ ಸರಕಾರಿ ಸೀಟಿಗೆ ಅರ್ಹರಾಗಲು ಸಾಮಾನ್ಯವಾಗಿ ಆ ರಾಜ್ಯದಲ್ಲಿ ನಿಗದಿತ ವರ್ಷಗಳ ಕಾಲ ಕಲಿತಿರಬೇಕು. ಗಡಿನಾಡ ಕನ್ನಡಿಗರಿಗೆ ಇದರಲ್ಲಿ ವಿನಾಯಿತಿಯಿದೆ. ಕೇರಳದ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿಯೂ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿಯೂ ವಾಸವಾಗಿದ್ದು ಅಲ್ಲಿಯೇ ಕಲಿತ, ಕನ್ನಡ, ತುಳು, ಕೊಡವ ಮೊದಲಾದ ಮಾತೃಭಾಷೆಯ ವಿದ್ಯಾರ್ಥಿಗಳು ಈ ಷರತ್ತಿನಡಿ ಅರ್ಹತೆ ಪಡೆಯಬಹುದು. ಮನೆಮಾತು ತುಳುವಾದವರೂ ಇದರಲ್ಲಿ ಸೇರುತ್ತಾರೆಂಬುದನ್ನು ನಮ್ಮ ಓದುಗರು ಗಮನಿಸಬೇಕು. ಬೇರೆ ಮನೆಮಾತಿನವರು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿರುವ ಭಾಷೆಗಳ ಪಟ್ಟಿಯನ್ನು ನೋಡಿಯೇ ಮುಂದುವರಿಯಬೇಕು. ಈ ತಾಲೂಕುಗಳ ಪಟ್ಟಿಯ ಹೊರಗಿನವರು ಹೊರನಾಡು ಕನ್ನಡಿಗರ ಷರತ್ತನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು. ಅದರ ನಿಬಂಧನೆಗಳು ಬೇರೆ.

ಆದರೆ ಷರತ್ತು ತಾನಾಗಿ ಅನ್ವಯವಾಗುವುದಿಲ್ಲ. ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಗುರುತಿಸಬೇಕು. ವಾಸಸ್ಥಳ, ವ್ಯಾಸಂಗ, ಮಾತೃಭಾಷೆಗಳ ದೃಢೀಕರಣಗಳನ್ನು ಪ್ರಾಧಿಕಾರ ಹೇಳಿದ ನಮೂನೆಯಲ್ಲಿಯೇ ಒದಗಿಸಬೇಕು. ಅದರ ಜತೆಗೆ ಒಂದು ಕನ್ನಡ ಭಾಷಾ ಪರೀಕ್ಷೆಯಿದೆ. ಅದು ಸಿಇಟಿಯ ಹಿಂದಿನ ಅಥವಾ ಮುಂದಿನ ದಿನಗಳಲ್ಲಿ ನಡೆಯುತ್ತದೆ. ಒಟ್ಟು 50 ಅಂಕ. ಅರ್ಹತೆಗೆ ಬೇಕಾದುದು ಕನಿಷ್ಠ 12. ಪ್ರಶ್ನೆಗಳ ಮಟ್ಟ ನಾಲ್ಕನೆಯ ತರಗತಿಯ ಕನ್ನಡದ್ದು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಕೆಲವು ವರ್ಷಗಳ ಹಿಂದೆ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತ ಹುಡುಗಿಯೊಬ್ಬಳು ಸಿಇಟಿಯಲ್ಲಿ ಒಳ್ಳೆಯ ಸ್ಥಾನ ಪಡೆದಳು. ತಾಯಿ ಬೀಡಿ ಕಟ್ಟುವವರು. ಅರ್ಜಿಯನ್ನು ಊರಿನ ಸೇವಾ ಕೇಂದ್ರವೊಂದರಲ್ಲಿ ತುಂಬಿಸಿದ್ದರು. ತುಂಬಿದವರಿಗೆ ಗಡಿನಾಡು ಷರತ್ತಿನ ಅರಿವಿರಲಿಲ್ಲ. ಹೀಗಾಗಿ ಅವಳು ಕನ್ನಡ ಪರೀಕ್ಷೆಗೆ ಹಾಜರಾಗಲೇ ಇಲ್ಲ. ದಾಖಲೆ ಪರಿಶೀಲನೆಯ ವೇಳೆಗೆ ಅವಳು ಸರಕಾರಿ ಸೀಟಿಗೆ ಅರ್ಹಳಲ್ಲವೆಂದು ತಿಳಿದುಬಂತು. ಹತ್ತು ವರ್ಷ ಕನ್ನಡದಲ್ಲಿಯೇ ಗಣಿತ, ವಿಜ್ಞಾನಗಳನ್ನು ಓದಿದವಳ ಬಳಿ ನಾಲ್ಕನೆಯ ತರಗತಿಯ ಕನ್ನಡ ಬರುತ್ತದೆಂಬುದಕ್ಕೆ ಪುರಾವೆ ಇರಲಿಲ್ಲ! ಆ ಸೇವಾ ಕೇಂದ್ರವನ್ನು ದೂರುವುದು ಸುಲಭ. ಆದರೆ ಅವಳಿಗೆ ಕನ್ನಡ ಕಲಿಸಿದ ನಾವು, ಆ ಕನ್ನಡ ಅವಳಿಗೆ ಎಲ್ಲಿ ಉಪಯೋಗಕ್ಕೆ ಬರುತ್ತದೆಂಬುದನ್ನು ಸಕಾಲದಲ್ಲಿ ಹೇಳಿರಲಿಲ್ಲ. ಆ ಲೋಪ ನಮ್ಮದು.

ಷರತ್ತಿನಡಿ ಅರ್ಹತೆ ದೊರೆತರೂ ಕೆಲಸ ಮುಗಿಯಲಿಲ್ಲ. ಅರ್ಹತೆ ಎಂದರೆ ಸರದಿಯಲ್ಲಿ ನಿಲ್ಲುವ ಹಕ್ಕು. ಸೀಟು ದೊರೆಯುವುದು ಸ್ಥಾನಕ್ಕನುಗುಣವಾಗಿ. ಜಾತಿ ಆಧಾರಿತ ಮೀಸಲಾತಿಯೂ ಗಡಿ ದಾಟಿ ತಾನಾಗಿ ಬರುವುದಿಲ್ಲ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ವಿದ್ಯಾರ್ಥಿಯೊಬ್ಬನು ಮಹಾರಾಷ್ಟ್ರದಲ್ಲಿ ವೈದ್ಯಕೀಯ ಪ್ರವೇಶ ಕೇಳಿದ ಮರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ, ಒಂದು ರಾಜ್ಯದಲ್ಲಿ ದೊರೆತ ಪರಿಶಿಷ್ಟ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ಹಿಂಬಾಲಿಸಿ ಹೋಗದೆಂದು ಸುಪ್ರೀಂ ಕೋರ್ಟು 1990ರಲ್ಲಿಯೇ ಸ್ಪಷ್ಟಪಡಿಸಿದೆ. ಆದುದರಿಂದ ಕೇರಳದ ಜಾತಿ ಪ್ರಮಾಣಪತ್ರವನ್ನು ನಂಬಿ ಕರ್ನಾಟಕದ ಸೀಟಿನ ಲೆಕ್ಕ ಹಾಕುವ ಮೊದಲು ಮಾಹಿತಿ ಪುಸ್ತಿಕೆಯನ್ನು ಓದಬೇಕು.

ಹೆತ್ತವರು ಅತ್ಯಂತ ಎಚ್ಚರ ವಹಿಸಬೇಕಾದುದು ಹಣದ ವಿಷಯದಲ್ಲಿ. ಕರ್ನಾಟಕದ ವಿದ್ಯಾರ್ಥಿವೇತನಗಳಿಗೆ ಅಲ್ಲಿನ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಅದು ಜಾತಿ ಮತ್ತು ಆದಾಯಕ್ಕೆ ಕರ್ನಾಟಕದ ನಾಡಕಚೇರಿ ನೀಡಿದ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಕೇಳುತ್ತದೆ. ಮಂಜೇಶ್ವರದ ಗ್ರಾಮ ಕಚೇರಿ ಕೊಟ್ಟ ಆದಾಯ ಪ್ರಮಾಣಪತ್ರದಲ್ಲಿ ಅಂತಹ ಸಂಖ್ಯೆ ಇರುವುದಿಲ್ಲ. ಸೀಟು ಕೊಡುವಾಗ ಕನ್ನಡಿಗನೆಂದು ಒಪ್ಪಿಕೊಂಡ ರಾಜ್ಯವೇ ನೆರವು ಕೊಡುವಾಗ ಹೊರರಾಜ್ಯದವನೆಂದು ಎಣಿಸುವ ಸ್ಥಿತಿ ಇದು. ಅತ್ತ ಕೇರಳದಲ್ಲಿ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗಾಗಿರುವ ಇ-ಗ್ರಾಂಟ್ಸ್ ಅರ್ಜಿ ಸಾಗುವುದು ಕಾಲೇಜಿನ ಮೂಲಕ. ಕೇರಳದೊಳಗಿನ ಕಾಲೇಜಿನಲ್ಲಿ ಸುಲಭವಾಗಿ ದೊರೆಯುವ ಈ ನೆರವು ಹೊರರಾಜ್ಯದ ಕಾಲೇಜಿಗೆ ಸೇರಿದಾಗಲೂ ದೊರೆಯುವುದೇ ಎಂಬುದನ್ನು ಸೇರುವ ಮೊದಲೇ ಸಂಬಂಧಪಟ್ಟ ಇಲಾಖೆಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಸೇರಿದ ಮೇಲೆ ಕೇಳಿದರೆ ಶುಲ್ಕದ ಹಣ ಹಿಂದಿರುಗಿ ಬರುವುದಿಲ್ಲ.

ಹಾಗಾದರೆ ಗಡಿ ದಾಟುವ ನೆರವು ಯಾವುದು? ಕೇಂದ್ರ ಸರಕಾರದ್ದು. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿರುವ ಕೇಂದ್ರ ವಲಯ ಯೋಜನೆಯಲ್ಲಿ ದೇಶಾದ್ಯಂತ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳಿವೆ. ಅರ್ಧದಷ್ಟು ಹುಡುಗಿಯರಿಗೆ ಮೀಸಲು. ತಮ್ಮ ಮಂಡಳಿಯ ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದವರ ಪೈಕಿ ಮೇಲಿನ ಶೇ. 20ರೊಳಗೆ ಬಂದಿರುವ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ತಿಂಗಳಿಗೆ ಸಾವಿರ ರೂಪಾಯಿ ಹಾಸ್ಟೆಲಿಗೆ ಸಾಲದು, ಒಪ್ಪುತ್ತೇವೆ. ಆದರೆ ಮನೆಯಿಂದ ರೈಲಿನಲ್ಲಿ ಹೋಗಿ ಬರುವ ವಿದ್ಯಾರ್ಥಿಯ ಪ್ರಯಾಣ, ಪುಸ್ತಕಗಳ ವೆಚ್ಚಕ್ಕೆ ಅದು ದೊಡ್ಡ ಆಸರೆ. ಕಾಲೇಜು ಮಂಗಳೂರಿನಲ್ಲಿದ್ದರೂ ಕಣ್ಣೂರಿನಲ್ಲಿದ್ದರೂ ಇದು ಅನ್ವಯ. ಅರ್ಜಿ ಸಲ್ಲಿಸಿದ ಬಳಿಕ ಕಾಲೇಜಿನವರು ಅದನ್ನು ಜಾಲತಾಣದಲ್ಲಿ ದೃಢೀಕರಿಸದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪ್ರತಿವರ್ಷ ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು.

ಶಿಕ್ಷಣ ಸಾಲವೂ ಗಡಿ ದಾಟುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಉನ್ನತ ಶ್ರೇಣಿಯ ಸಂಸ್ಥೆಗಳಿಗೆ ಅರ್ಹತೆಯ ಆಧಾರದಲ್ಲಿ ಸೇರಿದವರಿಗೆ ಆಸ್ತಿಯ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ದೊರೆಯಬೇಕು. ಕುಟುಂಬದ ಆದಾಯ 8 ಲಕ್ಷದವರೆಗಿದ್ದು ಬೇರೆ ಸರಕಾರಿ ನೆರವು ಪಡೆಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಆರಂಭವಾಗುವವರೆಗೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿಯಿದೆ. ಕಾಲೇಜಿನ ಹೆಸರು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆಂದು ಬರುವ ಮಧ್ಯವರ್ತಿಗಳು ಈ ಮಾತನ್ನು ಹೇಳುವುದಿಲ್ಲ. ಸಾಲ ಸಾಲವೇ, ಅಡಿಕೆಯ ಧಾರಣೆ ಏರಿದ ವರ್ಷದ ಧೈರ್ಯದಲ್ಲಿ ನಾಲ್ಕು ವರ್ಷದ ಶುಲ್ಕಕ್ಕೆ ಒಪ್ಪಿಕೊಂಡು ಆಮೇಲೆ ತೋಟ ಅಡವಿಟ್ಟ ಮನೆಗಳನ್ನು ನಾವು ಕಂಡಿದ್ದೇವೆ.

ಕೇರಳದಲ್ಲಿಯೇ ಉಳಿದು ಓದುವುದು ಸೋಲೇನೂ ಅಲ್ಲ. ಇಲ್ಲಿ ಮೀಸಲಾತಿ, ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನಗಳು ನಮ್ಮ ಮಕ್ಕಳಿಗೆ ಪೂರ್ಣವಾಗಿ ಅನ್ವಯಿಸುತ್ತವೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ. ಪೆರಿಯದಲ್ಲಿಯೂ ಕನ್ನಡ ಅಧ್ಯಯನಕ್ಕೆ ಅವಕಾಶವಿದೆ. 2024ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಕ್ರಮ ಜಾರಿಗೆ ಬಂದಿದೆ. ತೊಡಕಿರುವುದು ಮಾಹಿತಿಯ ಭಾಷೆಯಲ್ಲಿ. ಪ್ರಕಟಣೆಗಳು ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮಗುವಿಗೆ ಇಂಗ್ಲಿಷ್ ಅರ್ಥವಾದೀತು. ಸಹಿ ಹಾಕಬೇಕಾದ ತಂದೆತಾಯಿಗೆ ಎರಡೂ ಅರ್ಥವಾಗದು.

ಸಂವಿಧಾನದ 350ಎ ವಿಧಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. ಆದರೆ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ರಾಜ್ಯಗಳು ಒಪ್ಪಿಕೊಂಡ ಕ್ರಮಗಳ ಪ್ರಕಾರ, ಜನಸಂಖ್ಯೆಯ ಶೇ. 15ಕ್ಕಿಂತ ಹೆಚ್ಚು ಅಲ್ಪಸಂಖ್ಯಾತ ಭಾಷಿಕರಿರುವ ಪ್ರದೇಶಗಳಲ್ಲಿ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಇರಬೇಕು. ಕಾಲೇಜು ಪ್ರವೇಶ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಗಿಂತ ಮುಖ್ಯವಾದುದು ಯಾವುದು? 2017ರ ಮಲಯಾಳ ಕಲಿಕೆ ಕಾಯ್ದೆಯ ವಿರುದ್ಧ ನಾವು ಬೀದಿಗಿಳಿದೆವು. ಅದು ಅಗತ್ಯವೇ ಆಗಿತ್ತು. ಅದೇ ಶಕ್ತಿಯಿಂದ ಕನ್ನಡದಲ್ಲಿ ಪ್ರವೇಶ ಮಾಹಿತಿ ಬೇಕೆಂದು ಕೇರಳ ಸರಕಾರವನ್ನೂ, ಗಡಿನಾಡು ಷರತ್ತಿನಡಿ ಸೇರಿದ ಮಕ್ಕಳಿಗೆ ವಿದ್ಯಾರ್ಥಿವೇತನವೂ ಕಾಸರಗೋಡಿನಲ್ಲಿಯೇ ಭಾಷಾ ಪರೀಕ್ಷಾ ಕೇಂದ್ರವೂ ಬೇಕೆಂದು ಕರ್ನಾಟಕ ಸರಕಾರವನ್ನೂ ಕೇಳಬೇಕಾಗಿದೆ.

ಸರಕಾರಗಳು ಸ್ಪಂದಿಸುವವರೆಗೆ ಮಕ್ಕಳು ಕಾಯಲಾರರು. ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟು. ಮಗು ಪ್ಲಸ್ ವನ್‌ನಲ್ಲಿರುವಾಗಲೇ ಆಧಾರ್, ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಬ್ಯಾಂಕ್ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿರಿ. ಮನೆತನದ ಹೆಸರು ಒಂದರಲ್ಲಿ ಪೂರ್ಣವಾಗಿದ್ದು ಇನ್ನೊಂದರಲ್ಲಿ ಒಂದಕ್ಷರವಾಗಿದ್ದರೆ ತಿದ್ದಿಸಲು ತಿಂಗಳುಗಳು ಬೇಕು. ಪ್ಲಸ್ ಟು ವರ್ಷದ ಡಿಸೆಂಬರಿನೊಳಗೆ ಆದಾಯ, ವಾಸಸ್ಥಳ, ಜಾತಿ ಪ್ರಮಾಣಪತ್ರಗಳನ್ನು ಪಡೆದುಕೊಳ್ಳಿರಿ. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರವನ್ನು ಆಗಲೇ ಕೇಳಿರಿ. ಜನವರಿಯಲ್ಲಿ ಅರ್ಜಿ ತುಂಬುವಾಗ ಷರತ್ತಿನ ಅಂಕಣವನ್ನು ನೀವೇ ನೋಡಿರಿ. ಮುದ್ರಿತ ಪ್ರತಿಯನ್ನು ಅಧ್ಯಾಪಕರಿಗೆ ತೋರಿಸಿರಿ. ಸೀಟು ಒಪ್ಪುವ ಮೊದಲು ಎರಡೂ ರಾಜ್ಯಗಳಲ್ಲಿ ತಗಲುವ ವೆಚ್ಚ, ದೊರೆಯುವ ನೆರವುಗಳನ್ನು ಒಂದು ಹಾಳೆಯಲ್ಲಿ ಬರೆದು ಹೋಲಿಸಿರಿ.

ಅಧ್ಯಾಪಕರಾದ ನಮ್ಮ ಕರ್ತವ್ಯವೂ ಹತ್ತನೆಯ ತರಗತಿಯ ಬೀಳ್ಕೊಡುಗೆಯೊಂದಿಗೆ ಮುಗಿಯಕೂಡದು. ಪ್ರತಿ ಕನ್ನಡ ಶಾಲೆಯೂ ತನ್ನ ಹಳೆವಿದ್ಯಾರ್ಥಿಗಳ ಪೈಕಿ ಪ್ಲಸ್ ಟು ಓದುತ್ತಿರುವವರ ಪಟ್ಟಿಯೊಂದನ್ನು ಇಟ್ಟುಕೊಂಡು, ಡಿಸೆಂಬರಿನ ಒಂದು ಭಾನುವಾರ ಅವರನ್ನೂ ಹೆತ್ತವರನ್ನೂ ಶಾಲೆಗೆ ಕರೆದು ಈ ವಿಷಯಗಳನ್ನು ಕನ್ನಡದಲ್ಲಿ ತಿಳಿಸಿದರೆ ಸಾಕು. ಖರ್ಚು ಒಂದು ಹೊತ್ತಿನ ಚಹಾದ್ದು. ಮಗುವನ್ನು ಕನ್ನಡ ಶಾಲೆಗೆ ಸೇರಿಸಿದರೆ ಮುಂದೇನು ಗತಿ ಎಂದು ಒಂದನೆಯ ತರಗತಿಯ ಬಾಗಿಲಲ್ಲಿ ನಿಂತು ಕೇಳುವ ಹೆತ್ತವರಿಗೆ ನಾವು ಭಾಷಣದಿಂದ ಉತ್ತರ ಕೊಡಲಾರೆವು. ಆ ಪಟ್ಟಿಯಲ್ಲಿರುವ ಮಕ್ಕಳು ಯಾವ ಕಾಲೇಜಿನಲ್ಲಿ, ಯಾವ ನೆರವಿನಿಂದ ಓದುತ್ತಿದ್ದಾರೆಂಬುದನ್ನು ತೋರಿಸಿಯೇ ಉತ್ತರಿಸಬೇಕಾಗಿದೆ.