ಬೆರಳಚ್ಚೊಂದೇ ಸಾಲದು

ನಮ್ಮ ಶಾಲೆಯಿಂದ ಹೊರಡುವ ಬಾಲಿಕೆಯರಲ್ಲಿ ಅನೇಕರು ಕಚೇರಿಯ ಉದ್ಯೋಗವನ್ನು ಅಪೇಕ್ಷಿಸುತ್ತಿರುವರು. ಬೆರಳಚ್ಚಿನ ವೇಗವೊಂದೇ ಅದಕ್ಕೆ ಸಾಕೆಂಬ ಭಾವನೆಯು ಸರಿಯಲ್ಲವೆಂದು ನಮ್ಮ ಅಭಿಪ್ರಾಯವು. ವೇಗವು ಬೇಕಾದುದೇ, ಆದರೆ ಕಡತವನ್ನು ಕ್ರಮವಾಗಿಡಲರಿಯದವಳ ವೇಗದಿಂದ ಕಚೇರಿಗೆ ಲಾಭವೇನು?

ವಿಧವೆಯೊಬ್ಬಳು ಕುಟುಂಬ ಪಿಂಚಣಿಗೆ ಅರ್ಜಿ ಕೊಟ್ಟಳೆಂದಿಟ್ಟುಕೊಳ್ಳೋಣ. ಗುಮಾಸ್ತೆಯು ಅದನ್ನು ಆವಕ ಪುಸ್ತಕದಲ್ಲಿ ತಾರೀಖು ಸಹಿತ ದಾಖಲಿಸಿ, ಸ್ವೀಕೃತಿಯನ್ನು ಕೊಟ್ಟು, ಪತಿಯ ಸೇವಾಪುಸ್ತಕವನ್ನು ಹುಡುಕಿ ತೆಗೆದು, ಅದರಲ್ಲಿಯೂ ಆಕೆಯ ಹೆಸರು ಅರ್ಜಿಯಲ್ಲಿರುವಂತೆಯೇ ಇದೆಯೋ ಎಂದು ನೋಡಿ, ಟಿಪ್ಪಣಿ ಬರೆದು ಮೇಲಧಿಕಾರಿಗೆ ಮಂಡಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆಕೆಯ ಹಣವು ತಿಂಗಳುಗಟ್ಟಲೆ ನಿಲ್ಲುವುದು. 2005ರ ಮಾಹಿತಿ ಹಕ್ಕು ಅಧಿನಿಯಮವೂ ಸರ್ಕಾರಿ ದಾಖಲೆಗಳನ್ನು ಪಟ್ಟಿಮಾಡಿ ಸೂಚಿಯೊಡನೆ ಇಡಬೇಕೆಂದು ವಿಧಿಸಿರುವುದು. ಗಣಕಯಂತ್ರವು ಬಂದುದರಿಂದ ಈ ಶ್ರಮವು ತಪ್ಪಲಿಲ್ಲ. ತಪ್ಪು ಹೆಸರಿನಲ್ಲಿಟ್ಟ ಕಡತವು ಅದರಲ್ಲಿಯೂ ಸುಲಭವಾಗಿ ಸಿಕ್ಕದು.

ಇನ್ನು ಭಾಷೆ. 1963ರ ರಾಜಭಾಷಾ ಅಧಿನಿಯಮದಂತೆ ಕನ್ನಡವು ನಮ್ಮ ರಾಜ್ಯದ ರಾಜಭಾಷೆ. ಆದರೂ ಎಷ್ಟೋ ಕಚೇರಿಯ ಪತ್ರಗಳು ಕನ್ನಡಿಗರಿಗೇ ತಿಳಿಯವು. ಅರ್ಜಿಯು ಏಕೆ ನಿಂತಿತು, ಇನ್ನಾವ ಕಾಗದವನ್ನು ತರಬೇಕು ಎಂಬುದನ್ನು ಆ ವಿಧವೆಗೆ ಅರ್ಥವಾಗುವಂತೆ ಎರಡು ವಾಕ್ಯಗಳಲ್ಲಿ ಬರೆಯಬಲ್ಲವಳನ್ನು, ನಿಮಿಷಕ್ಕೆ ಹತ್ತು ಪದ ಹೆಚ್ಚು ಬೆರಳಚ್ಚಿಸುವವಳಿಗಿಂತ ಮೊದಲು ನಾವು ಆರಿಸುವೆವು.